ನಾನು ಬರೆದ ಒಂದು ಸಾಲು

ನಿಮ್ಮ ಮನೆಗಳಲ್ಲೂ ಹೀಗೇ ಇರಬಹುದು ಸಹೋದರಿಯರೇ. ಕುಟುಂಬದಲ್ಲಿ ನಾಲ್ಕಕ್ಷರ ಹೆಚ್ಚು ಕಲಿತವರು ಒಬ್ಬರಿದ್ದರೆ ಬಂಧುಬಳಗದ ಕಾಗದಪತ್ರಗಳೆಲ್ಲ ಅವರ ಕೈಗೇ ಬಂದು ಬೀಳುತ್ತವೆ. ರೇಷನ್ ಕಾರ್ಡಿನ ಅರ್ಜಿ, ಬ್ಯಾಂಕಿನ ನೋಟೀಸು, ವಿಧವಾ ವೇತನದ ಫಾರಂ, ಪಹಣಿಯಲ್ಲಿ ತಪ್ಪಾಗಿ ಬಿದ್ದ ಹೆಸರು, ಎಲ್ಲವೂ. ನಮ್ಮ ಮನೆಯಲ್ಲಿ ಆ ಒಬ್ಬರು ನಾನು. ಮದ್ರಸದಲ್ಲಿ ಆಲಿಮಾ ಕೋರ್ಸ್ ಮುಗಿಸಿ, ಮದುವೆಯಾದ ಮೇಲೆ ಅಂಚೆ ತೆರಪಿನ ಮೂಲಕ ಬಿ.ಎ. ಮಾಡಿಕೊಂಡೆ. ಹಗಲು ಶಾಲೆಯಲ್ಲಿ ಕನ್ನಡ ಪಾಠ, ಮಗ್ರಿಬ್ ನಂತರ ಮನೆಯ ಪಡಸಾಲೆಯಲ್ಲಿ ಓಣಿಯ ಹೆಣ್ಣುಮಕ್ಕಳಿಗೆ ದೀನಿಯಾತ್. ಮಾಯಸಂದ್ರದಲ್ಲಿ ಹಿಂದೂಗಳು ಮುಸ್ಲಿಮರು ಎನ್ನದೆ ಎಲ್ಲರೂ ನನ್ನನ್ನು ಕರೆಯುವುದು ಟೀಚರಮ್ಮ ಎಂದೇ. ಅರ್ಜಿ ಬರೆಸಿಕೊಳ್ಳಲು ಬಂದವರು ಒಂದೆರಡು ತೆಂಗಿನಕಾಯಿ ಇಟ್ಟು ಹೋಗುವುದೂ ಉಂಟು. ಬೇಡವೆಂದರೆ ಬೇಸರಪಡುತ್ತಾರೆ.

ಹೀಗೆ ನೂರಾರು ಅರ್ಜಿ ಬರೆದ ಕೈಯಿಂದಲೇ 2019ರಲ್ಲಿ ನಾನೊಂದು ಸಾಲು ಬರೆದೆ. ಅದರ ಬಗ್ಗೆ ನಿಮಗೆ ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ನಮ್ಮ ಸೀಮೆಯ ಪರಿಚಯ ಇಲ್ಲದವರಿಗೆ ಮೊದಲು ಒಂದೆರಡು ಮಾತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕುಗಳಲ್ಲಿ ತೆಂಗೇ ಬದುಕು. ನಾವು ಕಾಯನ್ನು ಹಸಿಯಾಗಿ ಮಾರುವುದು ಕಡಿಮೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಟ್ಟು, ಒಳಗಿನ ನೀರೆಲ್ಲ ಇಂಗಿ, ಅಲುಗಾಡಿಸಿದರೆ ಗಟಗಟ ಎಂದು ಸದ್ದು ಬಂದಾಗ ಸುಲಿದು ಒಡೆದರೆ ಉಂಡೆ ಕೊಬ್ಬರಿ. ಅದು ತಿಪಟೂರು ಮಾರುಕಟ್ಟೆಗೆ ಹೋಗುತ್ತದೆ. ಉಳಿದದ್ದು ಯಾವುದೂ ದಂಡವಲ್ಲ. ಮಟ್ಟೆ ನಾರಿನ ಮಿಲ್ಲಿಗೆ, ಗರಿ ಒಲೆಗೆ, ಚಿಪ್ಪು ಇದ್ದಿಲಿನ ಭಟ್ಟಿಗೆ.

ನನ್ನ ತಮ್ಮ ಮೊದಲು ಟೆಂಪೋದಲ್ಲಿ ಊರೂರು ತಿರುಗಿ ಚಿಪ್ಪು ಕೊಂಡು ಭಟ್ಟಿಯವರಿಗೆ ಹಾಕುತ್ತಿದ್ದ. ಲಾಭವೆಲ್ಲ ಭಟ್ಟಿಯವರಿಗೇ ಹೋಗುತ್ತದೆ ಎಂದು ಅವನಿಗೆ ಅನ್ನಿಸಿತು. ತವರುಮನೆಯ ಹಿಂದಿನ ಪಾಳು ಜಮೀನಿನಲ್ಲಿ ತಾನೇ ಗುಂಡಿ ತೋಡಿದ, ಹಳೆಯ ಡ್ರಮ್ಮುಗಳನ್ನು ತಂದ, ಸಂಘದಲ್ಲಿ ಸಾಲ ಮಾಡಿದ. ಕೆಲಸ ನೋಡಲು ಸುಲಭ. ಗುಂಡಿಗೆ ಚಿಪ್ಪು ತುಂಬಿ ಬೆಂಕಿ ಹಚ್ಚಬೇಕು, ಉರಿ ಹತ್ತಿದ ಮೇಲೆ ಗಾಳಿ ಹೋಗದಂತೆ ಮುಚ್ಚಬೇಕು. ಗಾಳಿ ಹೆಚ್ಚಾದರೆ ಬೂದಿ, ಕಡಿಮೆಯಾದರೆ ಹಸಿ ಚಿಪ್ಪು. ಮೂರು, ಮೂರೂವರೆ ಕಿಲೋ ಚಿಪ್ಪು ಸುಟ್ಟರೆ ಒಂದು ಕಿಲೋ ಇದ್ದಿಲು. ಉಳಿದ ಎರಡು ಎರಡೂವರೆ ಕಿಲೋ ಎಲ್ಲಿಗೆ ಹೋಯಿತು ಎಂದು ನಾವು ಯಾರೂ ಲೆಕ್ಕ ಕೇಳಲಿಲ್ಲ. ಅದು ಹೊಗೆಯಾಗಿ ಹೋಗುತ್ತದೆ. ಹಳದಿ ಬೆರೆತ ಬಿಳಿ ಹೊಗೆ, ಡಾಂಬರಿನ ವಾಸನೆ, ಕಣ್ಣಿಗೆ ಉರಿ. ಕೊನೆಗೆ ಕೆಂಡದ ಮೇಲೆ ನೀರು ಹುಯ್ದು ಆರಿಸುತ್ತಾರೆ. ಆ ಕಪ್ಪು ನೀರು ಚರಂಡಿ ಹಿಡಿದು ಪಕ್ಕದ ತೋಟದ ಬದುವಿನವರೆಗೆ ಹರಿಯುತ್ತಿತ್ತು.

ಒಂದು ದಿನ ಅವನು ಲಕೋಟೆಯೊಂದನ್ನು ತಂದು ನನ್ನ ಮುಂದಿಟ್ಟ. "ಆಪಾ, ಇದೇನು ನೋಡು. ರಿಜಿಸ್ಟರ್ ಪೋಸ್ಟಿನಲ್ಲಿ ಬಂದಿದೆ."

ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಾರಣ ಕೇಳಿ ನೋಟೀಸು ಅದು. 1981ರ ವಾಯು ಕಾಯ್ದೆಯ ಪ್ರಕಾರ ಮಂಡಳಿಯ ಸಮ್ಮತಿ ಪಡೆಯದೆ ಘಟಕ ನಡೆಸುತ್ತಿದ್ದೀರಿ, ಅದೇ ಕಾಯ್ದೆಯ 31ಎ ಕಲಮಿನಡಿ ಇದನ್ನು ಏಕೆ ಮುಚ್ಚಿಸಬಾರದು, ಹದಿನೈದು ದಿನಗಳೊಳಗೆ ತಿಳಿಸಿ ಎಂದು ಬರೆದಿತ್ತು. ಜೊತೆಗೆ ದೂರಿನ ಅರ್ಜಿಯ ಜೆರಾಕ್ಸ್. ಸ್ತ್ರೀಶಕ್ತಿ ಸಂಘದ ಹೆಂಗಸರು ಕೊಟ್ಟ ದೂರು. ಕೆಳಗೆ ಸಹಿಗಳು, ಹೆಬ್ಬೆಟ್ಟುಗಳು.

ಆ ದೂರಿನ ಅಕ್ಷರ ನೋಡಿದ ಕೂಡಲೇ ನನ್ನ ಎದೆ ಧಸಕ್ಕೆಂದಿತು. ಅದು ನನ್ನ ಶಾಲೆಯ ಹುಡುಗಿಯ ಬರಹ. ಅವಳ 'ಳ'ಕಾರದ ಬಾಲವನ್ನು ನಾನು ಎಷ್ಟು ಸಲ ತಿದ್ದಿದ್ದೆನೋ! ಅರ್ಜಿ ಬರೆಯುವುದನ್ನು ಹೇಳಿಕೊಟ್ಟವಳೂ ನಾನೇ. ಎಡಗಡೆ ಇಂದ, ಗೆ, ವಿಷಯ. ನಡೆದದ್ದನ್ನು ನಡೆದಂತೆ ಬರೆಯಬೇಕು, ತಾರೀಖು ಹಾಕಬೇಕು, ಬೈಗುಳ ಇರಬಾರದು. ಹುಡುಗಿ ಒಂದನ್ನೂ ಮರೆತಿರಲಿಲ್ಲ. ಯಾವ ಯಾವ ರಾತ್ರಿ ಎಷ್ಟು ಗಂಟೆಗೆ ಹೊಗೆ ಬಂತು, ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತು, ಒಗೆದು ಹಾಕಿದ ಬಟ್ಟೆಯ ಮೇಲೆ ಮಸಿ ಕೂತದ್ದು, ಹುಲ್ಲಿಗೆ ಜಿಡ್ಡು ಅಂಟಿ ಹಸು ಮೂಸಿ ಬಿಟ್ಟದ್ದು, ಎಲ್ಲವೂ ಕ್ರಮವಾಗಿತ್ತು. ತಮ್ಮನ ಹೆಸರಿನ ಮುಂದೆ 'ಶ್ರೀ' ಕೂಡ ಇತ್ತು.

"ನಮ್ಮವರು ಅಂತ ತಾನೇ ದೂರು ಕೊಟ್ಟಿರೋದು?" ಎಂದ ತಮ್ಮ. ನಾನು ಆ ಮಾತನ್ನು ಒಪ್ಪಲಿಲ್ಲ, ಆದರೆ ಅಲ್ಲವೆಂದು ಗಟ್ಟಿಯಾಗಿ ಹೇಳಲೂ ಇಲ್ಲ. ಆ ಹೆಬ್ಬೆಟ್ಟುಗಳಲ್ಲಿ ಒಂದು ಪಕ್ಕದ ತೋಟದ ಅಜ್ಜಿಯದು. ಅಬ್ಬಾ ತೀರಿಕೊಂಡಾಗ ಮೂರು ದಿನ ನಮ್ಮ ಮನೆಗೆ ಊಟ ಕಳಿಸಿದ ಅಜ್ಜಿ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

"ಹತ್ತಿರದಲ್ಲಿ ಮನೆ ಇಲ್ಲ, ಯಾರಿಗೂ ತೊಂದರೆ ಇಲ್ಲ ಅಂತ ಬರೆದುಬಿಡು ಆಪಾ. ಅವರೇನು ಇಲ್ಲೀತನಕ ಬಂದು ನೋಡ್ತಾರಾ?"

ನಾನು ಬರೆದೆ. "ಸದರಿ ಘಟಕದ ಸುತ್ತಮುತ್ತ ಯಾವುದೇ ವಾಸದ ಮನೆಗಳು ಇರುವುದಿಲ್ಲ ಹಾಗೂ ಇದರಿಂದ ಯಾರಿಗೂ ಯಾವುದೇ ರೀತಿಯ ತೊಂದರೆ ಆಗಿರುವುದಿಲ್ಲ." ಸರಕಾರಿ ಕನ್ನಡ ನನಗೆ ಚೆನ್ನಾಗಿ ಒಗ್ಗಿದೆ. 'ಸದರಿ', 'ಇರುವುದಿಲ್ಲ' ಎಂದು ಬರೆಯುವಾಗ ಸುಳ್ಳು ಸುಳ್ಳಿನಂತೆ ಕಾಣುವುದೇ ಇಲ್ಲ, ಸಹೋದರಿಯರೇ. ಮಾತಿನಲ್ಲಿ ಹೇಳಿದ್ದರೆ ನಾಲಿಗೆ ತಡವರಿಸುತ್ತಿತ್ತೇನೋ. ಬರೆದು ಮುಗಿಸಿ, ಅಕ್ಷರ ಚೆನ್ನಾಗಿ ಬಂದಿದೆ ಎಂದು ಇನ್ನೊಮ್ಮೆ ನೋಡಿಕೊಂಡೆ. ಅದೇ ಸಂಜೆ ಮಕ್ಕಳಿಗೆ ಪಾಠವಿತ್ತು. ಸುಳ್ಳು ಸಾಕ್ಷಿ ಎಂಥ ದೊಡ್ಡ ಪಾಪವೆಂದು ಆ ಮಕ್ಕಳಿಗೆ ನಾನು ಎಷ್ಟೋ ಸಲ ಹೇಳಿದ್ದೇನೆ. ಅವತ್ತು ಬೇರೆ ಪಾಠ ತೆಗೆದೆ.

ಅವರು ಬಂದು ನೋಡಿದರು. ನಾನು ಶಾಲೆಯಲ್ಲಿದ್ದೆ, ತಮ್ಮನ ಹೆಂಡತಿ ಆಮೇಲೆ ಹೇಳಿದಳು. ಇಬ್ಬರು ಬಂದರಂತೆ. ಟೇಪು ಹಿಡಿದು ಅಳೆದರಂತೆ, ಫೋಟೋ ತೆಗೆದರಂತೆ. ಕಪ್ಪು ನೀರನ್ನು ತಮ್ಮನ ಎದುರಿಗೇ ಎರಡು ಬಾಟಲಿಗೆ ತುಂಬಿ, ಎರಡಕ್ಕೂ ಸೀಲು ಹಾಕಿ, ಚೀಟಿಯ ಮೇಲೆ ಅವನ ಸಹಿಯನ್ನೂ ತೆಗೆದುಕೊಂಡರಂತೆ. "ಯಾಕೆ ಎರಡು ಬಾಟಲಿ? ಒಂದು ಸಾಲದಾ?" ಎಂದು ಅವಳಿಗೆ ಆಶ್ಚರ್ಯ. ನನಗೂ ಆಗ ತಿಳಿಯಲಿಲ್ಲ.

ಕೆಲವು ವಾರಗಳ ನಂತರ ವಿಚಾರಣೆಗೆ ಬೆಂಗಳೂರಿಗೆ ಕರೆ ಬಂತು. ಚರ್ಚ್ ಸ್ಟ್ರೀಟಿನಲ್ಲಿ ಪರಿಸರ ಭವನ ಎಂಬ ದೊಡ್ಡ ಕಟ್ಟಡ, ಮಂಡಳಿಯ ಕೇಂದ್ರ ಕಚೇರಿ ಅದೇ. ಒಬ್ಬನೇ ಹೋಗಲು ತಮ್ಮನಿಗೆ ಧೈರ್ಯ ಸಾಲದೆ ನನ್ನನ್ನೂ ಕರೆದುಕೊಂಡು ಹೋದ. ನಸುಕಿಗೇ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅವನು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ದೊಡ್ಡ ದೊಡ್ಡ ಫ್ಯಾಕ್ಟರಿಯವರನ್ನ ಬಿಟ್ಟು ಚಿಪ್ಪು ಸುಡೋರನ್ನ ಯಾಕೆ ಹಿಡೀತಾರೆ?"

ವಿಚಾರಣೆಗೆ ಮೊದಲು ಕಾನೂನು ವಿಭಾಗದ ಅಧಿಕಾರಿಯೊಬ್ಬರು ಕಡತ ನೋಡುತ್ತಾರೆ ಎಂದು ಹೇಳಿ ನಮ್ಮನ್ನು ಕೂರಿಸಿದರು. ಅವರು ಹೆಣ್ಣುಮಗಳು, ನನಗಿಂತ ಚಿಕ್ಕವರು. ಮೇಜಿನ ಮೇಲೆ, ಕುರ್ಚಿಯ ಮೇಲೆ, ನೆಲದ ಮೇಲೆ, ಎಲ್ಲೆಲ್ಲೂ ದಾರ ಕಟ್ಟಿದ ಕಡತಗಳು. ನಮ್ಮದನ್ನು ಬಿಚ್ಚಿ, ನನ್ನ ಉತ್ತರ ಇರುವ ಹಾಳೆಗೆ ಬಂದು, ಆ ಸಾಲನ್ನು ಗಟ್ಟಿಯಾಗಿ ಓದಿದರು. ನಂತರ ಮುಂದಿನ ಹಾಳೆ ತಿರುಗಿಸಿ ಸ್ಥಳ ಪರಿಶೀಲನಾ ವರದಿ ಓದಿದರು. ಘಟಕದಿಂದ ಅತಿ ಹತ್ತಿರದ ವಾಸದ ಮನೆ ಅರವತ್ತು ಮೀಟರ್. ಸದರಿ ಮನೆಯು ಘಟಕದ ಮಾಲೀಕರದ್ದೇ ಆಗಿರುತ್ತದೆ. ಮನೆಯಲ್ಲಿದ್ದ ವಯಸ್ಸಾದ ಮಹಿಳೆಯನ್ನು ವಿಚಾರಿಸಲಾಗಿ, ರಾತ್ರಿ ವೇಳೆ ಉಸಿರು ಕಟ್ಟಿದಂತಾಗುತ್ತದೆಂದು, ಆದರೆ ಭಟ್ಟಿಯು ತಮ್ಮ ಮಗನದೇ ಆಗಿರುವುದರಿಂದ ಯಾರಿಗೂ ಹೇಳಿರುವುದಿಲ್ಲವೆಂದು ತಿಳಿಸಿರುತ್ತಾರೆ.

ಕೆಳಗೆ ಅಮ್ಮಿಯ ಹೆಬ್ಬೆಟ್ಟು.

ಸುತ್ತಮುತ್ತ ಮನೆಗಳಿಲ್ಲ ಎಂದು ಬರೆಯುವಾಗ ಅಜ್ಜಿಯ ಮನೆ ನನ್ನ ಕಣ್ಣ ಮುಂದೆ ಬಂದಿತ್ತು, ಹುಡುಗಿಯ ಮನೆ ಬಂದಿತ್ತು. ನಾನು ಹುಟ್ಟಿದ ಮನೆ ಬಂದಿರಲಿಲ್ಲ. ಅಮ್ಮಿಯ ಕೆಮ್ಮು ನಮಗೆಲ್ಲ ಕೇಳಿಸುತ್ತಿತ್ತು. ಶೀತ ಎಂದೆವು, ವಯಸ್ಸು ಎಂದೆವು, ಜೋಷಾಂದ ಕುದಿಸಿ ಕೊಟ್ಟೆವು. ಅವರ ಒಡಕು ಕನ್ನಡದಲ್ಲಿ ಯಾರೋ ಅಪರಿಚಿತರಿಗೆ ಹೇಳಿದ್ದನ್ನು ಹೊಟ್ಟೆಯಲ್ಲಿ ಹುಟ್ಟಿದ ನಾವು ಸರಕಾರಿ ಕಾಗದದಲ್ಲಿ ಓದಬೇಕಾಯಿತು.

"ಈ ಉತ್ತರ ಬರೆದವರು ಯಾರು?" ಎಂದು ಕೇಳಿದರು. ತಮ್ಮ ನೆಲ ನೋಡಿದ. ನಾನು ಎಂದೆ. "ಏನು ಮಾಡ್ಕೊಂಡಿದ್ದೀರಿ?" ಟೀಚರು ಎಂದು ಹೇಳಿದಾಗ ನನ್ನ ದನಿ ನನಗೇ ಕೇಳಿಸಲಿಲ್ಲ.

ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ತಮ್ಮ ಕೆಲಸ ಏನು ಎಂದು ಹೇಳಿದರು, ಬಹುಶಃ ನನ್ನ ಮುಖ ನೋಡಿ ಸ್ವಲ್ಪ ಹೊತ್ತು ಕೊಡಲೆಂದೇ. ಕಾನೂನು ಪಾಲನೆಯ ಕೆಲಸವೆಂದರೆ ಹೊರಗಿನವರು ಬಾಗಿಲು ಮುಚ್ಚಿಸುವ ಕೆಲಸ ಎಂದುಕೊಳ್ಳುತ್ತಾರೆ; ಅರ್ಧ ಕೆಲಸ ತಮ್ಮ ಅಧಿಕಾರಿಗಳು ಬರೆದದ್ದನ್ನೇ ಪರೀಕ್ಷಿಸುವುದು ಎಂದರು. ನೋಟೀಸು ಕೈಗೆ ತಲುಪಿತೇ, ಹದಿನೈದು ದಿನ ನಿಜವಾಗಿ ಸಿಕ್ಕಿತೇ, ಅವರ ಮಾತು ಕೇಳಿದೆವೇ? ಆಗ ಬಾಟಲಿಯ ವಿಷಯ ಕೇಳಿದೆ. 1974ರ ಜಲ ಕಾಯ್ದೆಯಲ್ಲೇ ಹಾಗಿದೆಯಂತೆ. ನೀರಿನ ಮಾದರಿ ತೆಗೆಯುವಾಗ ಮಾಲೀಕನಿಗೆ ಮೊದಲು ತಿಳಿಸಬೇಕು. ಅವನ ಎದುರಿಗೆ ಎರಡು ಪಾಲು ಮಾಡಿ, ಎರಡಕ್ಕೂ ಸೀಲು ಹಾಕಿ, ಇಬ್ಬರೂ ಸಹಿ ಮಾಡಬೇಕು. ಮಂಡಳಿಯ ಪ್ರಯೋಗಾಲಯದ ಮೇಲೆ ಅವನಿಗೆ ನಂಬಿಕೆ ಇಲ್ಲದಿದ್ದರೆ ಎರಡನೆಯ ಪಾಲನ್ನು ಬೇರೆ ಪ್ರಯೋಗಾಲಯಕ್ಕೆ ಕಳಿಸಿ ಎಂದು ಕೇಳುವ ಹಕ್ಕಿದೆ. ಈ ಕ್ರಮ ತಪ್ಪಿದರೆ ನೀರು ಎಷ್ಟೇ ಕಪ್ಪಾಗಿರಲಿ, ಆ ವರದಿ ಕೋರ್ಟಿನಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಯಾರು ತೆಗೆದರು, ಯಾರು ಸೀಲು ಹಾಕಿದರು, ಯಾರು ಒಯ್ದರು, ಯಾರು ಪಡೆದರು, ನಡುವೆ ಒಂದು ಕೊಂಡಿಯೂ ಕಳಚಬಾರದು.

ಸಹೋದರಿಯರೇ, ಮದ್ರಸದಲ್ಲಿ ಓದಿದವಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾವು ಹದೀಸ್ ಕಲಿಯುವಾಗ ಮೊದಲು ಕಲಿಯುವುದೇ ಸನದ್. ಯಾರಿಂದ ಯಾರು ಕೇಳಿದರು, ಆ ವ್ಯಕ್ತಿ ಸತ್ಯವಂತನೇ, ನೆನಪು ಗಟ್ಟಿಯೇ. ಸರಪಳಿಯಲ್ಲಿ ಒಬ್ಬ ಸುಳ್ಳುಗಾರ ಸಿಕ್ಕಿದರೆ ಸಾಕು, ಮಾತು ಎಷ್ಟೇ ಸುಂದರವಾಗಿರಲಿ, ತಳ್ಳಿಬಿಡುತ್ತಾರೆ. ಆ ಕಡತದಲ್ಲಿ ನನ್ನ ಶಿಷ್ಯೆಯ ದೂರು ಗಟ್ಟಿಯಾಗಿ ನಿಂತಿತ್ತು, ಸ್ಥಳ ನೋಡಿದವರ ವರದಿ ನಿಂತಿತ್ತು, ಓದು ಬರಹ ಬಾರದ ಅಮ್ಮಿಯ ಮಾತು ನಿಂತಿತ್ತು. ಕಳಚಿದ ಕೊಂಡಿ ಆಲಿಮಾ, ಬಿ.ಎ. ಆದ ನಾನು.

ತಮ್ಮ ಬಸ್ಸಿನಲ್ಲಿ ಕೇಳುತ್ತಾ ಬಂದ ಪ್ರಶ್ನೆಯನ್ನು ಅವರಿಗೂ ಕೇಳಿಬಿಟ್ಟ. ಅವರು ನಕ್ಕರು, ಸುಳ್ಳೆನ್ನಲಿಲ್ಲ. ಭೋಪಾಲದ ಅನಿಲ ದುರಂತದಿಂದ ಶುರು ಮಾಡಿದರು. ಅದಾದದ್ದು 1984ರ ಡಿಸೆಂಬರಿನಲ್ಲಿ. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಘಟಕ ಮುಚ್ಚಿಸುವ, ಕರೆಂಟು ನೀರು ನಿಲ್ಲಿಸುವ ಅಧಿಕಾರವನ್ನು ವಾಯು ಕಾಯ್ದೆಗೆ 1987ರಲ್ಲೂ ಜಲ ಕಾಯ್ದೆಗೆ 1988ರಲ್ಲೂ ತಿದ್ದುಪಡಿ ತಂದು ಸೇರಿಸಿದರು. ಎಷ್ಟು ಜೀವ ಹೋದ ಮೇಲೆ! ದೊಡ್ಡವರನ್ನು ನಿಲ್ಲಿಸಿಲ್ಲವೆಂದಲ್ಲ, ಆದರೆ ಹೊತ್ತು ಹಿಡಿಯುತ್ತದೆ. ಕುದುರೆಮುಖದ ಗಣಿ ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ನಿಂತಿತು. ನಮ್ಮ ಪಕ್ಕದ ಚಿಕ್ಕನಾಯಕನಹಳ್ಳಿಯ ಗಣಿಗಳೂ ಹಾಗೆಯೇ. 2011ರ ಆಗಸ್ಟಿನಲ್ಲಿ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟು ನಿಲ್ಲಿಸಿದ್ದು ನಮ್ಮ ಸೀಮೆಯವರಿಗೆಲ್ಲ ನೆನಪಿದೆ. ಬೆಳ್ಳಂದೂರು ಕೆರೆಯ ವಿಷಯದಲ್ಲಿ 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸ್ವತಃ ರಾಜ್ಯ ಸರಕಾರಕ್ಕೇ 50 ಕೋಟಿ ದಂಡ ಹಾಕಿತು. ಅಂಥ ಆದೇಶ ಬಂದಾಗ ಅದರಂತೆ ಏನೇನು ಮಾಡಿದೆವು ಎಂದು ಅನುಪಾಲನಾ ವರದಿ ಬರೆದು ಕೊಡಬೇಕು. "ಆಗ ನಾವೂ ನಿಮ್ಮ ಹಾಗೆ ಉತ್ತರ ಬರೆಯೋರೇ. ಆಗಿಲ್ಲದ್ದನ್ನು ಆಗಿದೆ ಅಂತ ಬರೆಯೋ ಆಸೆ ಎಲ್ಲರಿಗೂ ಬರುತ್ತೆ" ಎಂದರು.

ತಮ್ಮನ ಪ್ರಶ್ನೆ ಪೂರ್ತಿ ತಪ್ಪೆಂದು ನಾನು ಇಂದಿಗೂ ಹೇಳಲಾರೆ. ಗಣಿಯವನಿಗೆ ವಕೀಲರಿರುತ್ತಾರೆ, ವರ್ಷಗಟ್ಟಲೆ ಎಳೆಯುವ ಶಕ್ತಿಯಿರುತ್ತದೆ. ನನ್ನ ತಮ್ಮನಿಗೆ ಇದ್ದದ್ದು ನಾನೊಬ್ಬಳು. ಆದರೆ ಹೊಗೆಗೆ ಬಡವನ ಹೊಗೆ, ಶ್ರೀಮಂತನ ಹೊಗೆ ಎಂಬ ಭೇದವಿಲ್ಲ. ಅಮ್ಮಿಯ ಎದೆಗೆ ಅದು ಮಗನ ಹೊಗೆ ಎಂದೂ ಗೊತ್ತಾಗಲಿಲ್ಲ.

ಉತ್ತರವನ್ನು ತಿದ್ದಿ ಕೊಡಬಹುದೇ ಎಂದು ಕೇಳಿದೆ. ಕೊಡಿ ಎಂದು ಬಿಳಿ ಹಾಳೆ ಮುಂದಿಟ್ಟರು. ಅಲ್ಲೇ ಕೂತು ಬರೆದೆ. ಹತ್ತಿರದಲ್ಲಿ ಮನೆಗಳಿವೆ. ಅರವತ್ತು ಮೀಟರಿನಲ್ಲಿ ನಮ್ಮ ತಾಯಿ ಇದ್ದಾರೆ. ಹಿಂದಿನ ಉತ್ತರದ ಆ ಸಾಲು ಸರಿಯಲ್ಲ. 'ಸದರಿ' ಎಂಬ ಪದ ಈ ಸಲ ಬರಲಿಲ್ಲ. ತಮ್ಮ ಸಹಿ ಹಾಕಲು ಬಹಳ ಹೊತ್ತು ತೆಗೆದುಕೊಂಡ. ಹಾಕಿ, ಪೆನ್ನು ಮೇಜಿನ ಮೇಲೆ ಎಸೆದ.

ಬರುವ ಮೊದಲು ಅವರೊಂದು ಮಾತು ಹೇಳಿದರು, ಅದು ಇಂದಿಗೂ ತಲೆಯಲ್ಲಿ ಸುತ್ತುತ್ತಿದೆ. ಈ ಚಿಪ್ಪಿನ ಇದ್ದಿಲು ಇಲ್ಲಿಂದ ಕಾರ್ಖಾನೆಗಳಿಗೆ ಹೋಗಿ, ಬಿಸಿ ಹಬೆಯಲ್ಲಿ ಹದಗೊಂಡು, ನೀರು ಶುದ್ಧ ಮಾಡುವ ಫಿಲ್ಟರುಗಳಿಗೂ ವಿಷಗಾಳಿ ತಡೆಯುವ ಮುಖವಾಡಗಳಿಗೂ ಸೇರುತ್ತದಂತೆ. ಯಾರದೋ ಮನೆಯ ನೀರು ತಿಳಿಯಾಗಲು ನಮ್ಮ ಬದುವಿನ ನೀರು ಕಪ್ಪಾಗಿತ್ತು.

ಮುಚ್ಚುವ ಆದೇಶ ಬಂತು. ಅದರ ಪ್ರತಿ ಬೆಸ್ಕಾಂಗೂ ಹೋಗಿದ್ದರಿಂದ ಪಂಪಿನ ಕರೆಂಟು ಹೋಯಿತು. ಮೇಲ್ಮನವಿಗೆ ಮೂವತ್ತು ದಿನ ಇರುತ್ತದೆ. "ಬರೆದುಕೊಡ್ತೀಯಾ?" ಎಂದು ಕೇಳಿದ. ಇರುವುದನ್ನು ಇದ್ದಂತೆ ಬರೆದುಕೊಡುತ್ತೇನೆ ಎಂದೆ. ಇದ್ದದ್ದು ಇದ್ದಂತೆ ಬರೆದರೆ ಮೇಲ್ಮನವಿ ಯಾತಕ್ಕೆ ಎಂದು ಎದ್ದು ಹೋದ. ಎಂಟು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಈದ್ ದಿನ ಅವನ ಮಕ್ಕಳು ಬಂದರು, ಅವನು ಬರಲಿಲ್ಲ. ಸಂಘದ ಸಾಲದ ಕಂತಿಗೆ ಅವನ ಹೆಂಡತಿ ಕಿವಿಯೋಲೆ ಅಡವಿಟ್ಟಳು. ಅವಳೂ ನನ್ನನ್ನು ಏನೂ ಅನ್ನಲಿಲ್ಲ, ಆದರೆ ನಾನು ಹೋದಾಗ ಚಹಾ ಇಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಸತ್ಯ ಬರೆದುಕೊಟ್ಟು ಹಗುರವಾಗಿ ಮನೆಗೆ ಬಂದೆ ಎಂದು ನಿಮಗೆ ಹೇಳಿದರೆ ಅದು ನಾನು ಬರೆದ ಎರಡನೆಯ ಸುಳ್ಳಾಗುತ್ತದೆ.

ಅಮ್ಮಿಯ ಕೆಮ್ಮು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ನಲವತ್ತು ವರ್ಷ ಮಟ್ಟೆ, ಗರಿ ಹಾಕಿ ಒಲೆ ಊದಿದವರಲ್ಲವೇ, ಅದರದ್ದೂ ಪಾಲಿದೆ ಎಂದರು ಡಾಕ್ಟರು. ನಿಮ್ಮಲ್ಲಿ ಎಷ್ಟು ಜನ ಇದನ್ನು ಒಲೆಯ ಪಕ್ಕದಲ್ಲಿ ಕೂತು ಓದುತ್ತಿದ್ದೀರೋ!

ಶಾಲೆಯಲ್ಲಿ ಆ ಹುಡುಗಿ ಕೆಲವು ದಿನ ನನ್ನ ಮುಖ ನೋಡಲಿಲ್ಲ. ನಾನೇ ಕರೆದು, ಅರ್ಜಿ ಚೆನ್ನಾಗಿ ಬರೆದಿದ್ದೀಯ ಎಂದೆ. "ಬರಿಯೋಕೆ ಮುಂಚೆ ಅಜ್ಜಿ ಒಂದು ವಾರ ಯೋಚನೆ ಮಾಡಿದ್ರು ಮಿಸ್. ಟೀಚರಮ್ಮಂಗೆ ಬೇಜಾರಾಗುತ್ತೆ ಅಂತ" ಎಂದಳು. ಹೊಗೆ ಕುಡಿಯುತ್ತಾ ಒಂದು ವಾರ ನನ್ನ ಬೇಸರದ ಬಗ್ಗೆ ಯೋಚಿಸಿದ್ದಾರೆ. ನಮ್ಮವರು ಎಂದು ದೂರು ಕೊಟ್ಟಿದ್ದಲ್ಲ, ನಮ್ಮವರು ಎಂದೇ ತಡಮಾಡಿದ್ದು.

ನಮ್ಮಲ್ಲಿ ಅನೇಕರಿಗೆ ಈ ಕಾನೂನುಗಳ ಪರಿಚಯವಾದದ್ದು ಮಸೀದಿಯ ಮೈಕಿನ ಗಲಾಟೆಯಲ್ಲಿ, 2022ರಲ್ಲಿ. ಅದಕ್ಕೇ ಮಾಲಿನ್ಯ ಎಂದ ಕೂಡಲೇ ನಮ್ಮ ಮೇಲೆ ಏನೋ ಬಂತು ಎಂದು ಮನಸ್ಸು ಮುದುಡುತ್ತದೆ. ಶಬ್ದದ ನಿಯಮ 2000ನೇ ಇಸವಿಯದ್ದು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ತಡೆ. ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ಜಾತ್ರೆಯ ಆರ್ಕೆಸ್ಟ್ರಾಕ್ಕೂ ಅದೇ, ನಮಗೂ ಅದೇ. ಎಲ್ಲ ಕಡೆ ಒಂದೇ ಸಮನಾಗಿ ಜಾರಿಯಾಗುತ್ತದೆಯೇ ಎಂದು ಕೇಳುವ ಹಕ್ಕು ನಮಗಿದೆ. ಕೇಳಬೇಕು ಕೂಡ. ಆದರೆ ಹಾಗೆ ಕೇಳುವಾಗ ನಮ್ಮ ಕಾಗದ ಸರಿಯಾಗಿರಬೇಕು.

ಆ ಮೇಲೆ ಕೊರೊನಾ ಬಂತು, ಲಾಕ್‌ಡೌನ್ ಬಂತು. ಮೊದಲ ವಾರ ರಾತ್ರಿ ಹತ್ತು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ತಮ್ಮ. ಕೈಯಲ್ಲಿ ಅರ್ಧ ಮೂಟೆ ಅಕ್ಕಿ. "ಮನೇಲಿ ಇದೆಯೋ ಇಲ್ವೋ ಅಂತ" ಎಂದು ಒಳಗೆ ಬಂದು ಕೂತ. ಭಟ್ಟಿಯ ಮಾತು ಇಬ್ಬರೂ ಎತ್ತಲಿಲ್ಲ. ಮುಂದೆ ಅವನು ಮತ್ತೆ ಟೆಂಪೋ ಹಿಡಿದ, ಸಮ್ಮತಿ ಇರುವ ಕಾರ್ಖಾನೆಯೊಂದಕ್ಕೆ ಚಿಪ್ಪು ಹಾಕುತ್ತಿದ್ದಾನೆ.

ಈಗ ಕಾನೂನೂ ಸ್ವಲ್ಪ ಬದಲಾಗಿದೆ. 2023ರ ಜನವಿಶ್ವಾಸ ತಿದ್ದುಪಡಿಯಿಂದಾಗಿ ವಾಯು ಕಾಯ್ದೆಯ ಹಲವು ತಪ್ಪುಗಳಿಗೆ 2024ರ ಏಪ್ರಿಲಿನಿಂದ ಜೈಲಿನ ಬದಲು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ. ಜೈಲಿನ ಭಯ ಹೋದದ್ದು ಒಳ್ಳೆಯದೋ ಕೆಟ್ಟದ್ದೋ ನನಗೆ ಇನ್ನೂ ತೀರ್ಮಾನಕ್ಕೆ ಬರಲಾಗಿಲ್ಲ. ದುಡ್ಡಿದ್ದವನು ದಂಡ ಕಟ್ಟಿ ಹೊಗೆ ಬಿಡುತ್ತಾನೆ ಎಂಬ ಅನುಮಾನ ಒಂದು ಕಡೆ. ಜೈಲು ಎಂದರೆ ನನ್ನ ತಮ್ಮನ ಮುಖ ಕಣ್ಣ ಮುಂದೆ ಬರುವುದು ಇನ್ನೊಂದು ಕಡೆ. ಜಲ ಕಾಯ್ದೆಯಲ್ಲಿ ಇನ್ನೊಂದು ವಿಚಿತ್ರ ಓದಿದೆ. ಸಮ್ಮತಿಗೆ ಅರ್ಜಿ ಕೊಟ್ಟು ನಾಲ್ಕು ತಿಂಗಳಾದರೂ ಮಂಡಳಿ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ ಎಂದರೆ ಸಮ್ಮತಿ ಸಿಕ್ಕಿತೆಂದೇ ಅರ್ಥ. ನಿಕಾಹ್‌ನಲ್ಲಿ ಮದುವಣಗಿತ್ತಿಯ ಮೌನವನ್ನು ಒಪ್ಪಿಗೆ ಎಂದು ತಿಳಿಯುವ ಹಾಗೆ! ಮೌನವನ್ನು ಹಾಗೆ ಓದುವುದರಲ್ಲಿ ಎಷ್ಟು ಅಪಾಯವಿದೆಯೆಂದು ಹೆಂಗಸರಾದ ನಮಗೆ ಗೊತ್ತು. ಅಮ್ಮಿಯ ಮೌನವನ್ನೂ ನಾವು ಹಾಗೆಯೇ ಓದಿಕೊಂಡಿದ್ದೆವು.

ಕಳೆದ ಚಳಿಗಾಲದಲ್ಲಿ ತಮ್ಮ ಮತ್ತೆ ಒಂದು ಫಾರಂ ಹಿಡಿದು ಬಂದ. ಊರಾಚೆ ಜಮೀನು ನೋಡಿದ್ದಾನಂತೆ. ಗುಂಡಿಯಲ್ಲ, ಹೊಗೆಯನ್ನು ಮತ್ತೆ ಬೆಂಕಿಗೇ ಹಾಯಿಸಿ ಸುಡುವ, ಚಿಮಣಿ ಇರುವ ಮುಚ್ಚಿದ ಭಟ್ಟಿ. ಇಬ್ಬರು ಸ್ನೇಹಿತರ ಜೊತೆ ಪಾಲು. ಈ ಸಲ ಮೊದಲು ಸ್ಥಾಪನೆಗೆ ಸಮ್ಮತಿ, ಆಮೇಲೆ ಕಟ್ಟುವುದು, ಆಮೇಲೆ ನಡೆಸಲು ಸಮ್ಮತಿ. ಅರ್ಜಿ ಆನ್‌ಲೈನಿನಲ್ಲೇ ಹಾಕಬೇಕು, ಸೈಬರ್ ಸೆಂಟರಿನ ಹುಡುಗ ಮಾಡಿಕೊಡುತ್ತಾನೆ, ತುಂಬಿಸುವ ವಿವರ ಮಾತ್ರ ನಾನು ಬರೆದುಕೊಡಬೇಕು. ಒಂದು ಕಡೆ ಹತ್ತಿರದ ವಾಸದ ಮನೆ ಎಷ್ಟು ದೂರ ಎಂದು ಕೇಳಿತ್ತು. ನಾನು ಪೆನ್ನು ಎತ್ತಿ ಅವನ ಮುಖ ನೋಡಿದೆ.

"ಬಾ ಆಪಾ, ಅಳೆಯೋಣ" ಎಂದ.

ಭಾನುವಾರ ಅಸರ್ ನಮಾಝಿನ ನಂತರ ಹೋದೆವು. ಅಮ್ಮಿಯೂ ಬರುತ್ತೇನೆಂದು ಟೆಂಪೋ ಹತ್ತಿದರು. ಟೇಪು ಮೂವತ್ತು ಮೀಟರಿನದು. ಒಂದು ತುದಿ ತಮ್ಮ, ಇನ್ನೊಂದು ತುದಿ ಅವನ ದೊಡ್ಡ ಮಗ. ಎಷ್ಟು ಸಲ ಎಳೆದೆವೆಂದು ಎಣಿಸುವುದು ನನ್ನ ಕೆಲಸ. ಅಮ್ಮಿ ತೆಂಗಿನ ಮರದ ಬುಡದಲ್ಲಿ ಕೂತು ತಸ್ಬೀಹ್ ಮಣಿ ತಿರುಗಿಸುತ್ತಾ ತಾವೂ ಎಣಿಸುತ್ತಿದ್ದರು. ನನ್ನ ಲೆಕ್ಕಕ್ಕೆ ಹದಿನಾಲ್ಕು ಸಲ, ಅವರ ಲೆಕ್ಕಕ್ಕೆ ಹದಿಮೂರು.

ತಮ್ಮ ಮತ್ತೆ ಮೊದಲಿನಿಂದ ಅಳೆದ.